ಬಾಗಿಲಿನ ಬಣ್ಣ ತೆಗೆಯಲು ಯಾವ ಸ್ಯಾಂಡರ್?

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹಳೇ ತೊಟ್ಟಿಮನೆಗಳನ್ನು ನೋಡಿ. ಕಂಬ, ಬೋದಿಗೆ, ಬಾಗಿಲು, ಕಿಟಕಿ ಎಲ್ಲಕ್ಕೂ ಎನಾಮಲ್ ಪೇಂಟ್. ಮದುವೆಗೊಂದು ಕೋಟು, ಹಬ್ಬಕ್ಕೊಂದು ಕೋಟು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು. ಕೆತ್ತನೆಯಲ್ಲಿ ಹೂ ಯಾವುದು, ಎಲೆ ಯಾವುದು ಎಂದು ತಿಳಿಯದಷ್ಟು ದಪ್ಪ. ಈಗ ಎಲ್ಲರಿಗೂ ಒಳಗಿನ ಮರ ಕಾಣಬೇಕು. ನಮ್ಮಜ್ಜಿ ಮನೆಯಲ್ಲೂ ಇದೇ ಮಾತು. ಮನೆಯಲ್ಲಿ ಮೆಕ್ಯಾನಿಕಲ್ ಓದುತ್ತಿರುವವನು ನಾನೊಬ್ಬನೇ. 'ಯಾವ ಮಷೀನು ತರಬೇಕು ಹೇಳಪ್ಪ ಇಂಜಿನಿಯರೇ' ಎಂದರು ಮಾವ. ಥರ್ಮೋಡೈನಾಮಿಕ್ಸ್ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ!

ಸುಲಭಕ್ಕೆ ಸಿಗುವುದು ಆಂಗಲ್ ಗ್ರೈಂಡರ್. ಫ್ಲ್ಯಾಪ್ ಡಿಸ್ಕ್ ಹಾಕಿದರೆ ಬಣ್ಣ ಹಾರುತ್ತದೆ, ನಿಜ. ಆದರೆ ಲೆಕ್ಕ ಹಾಕಿ: 100 ಮಿ.ಮೀ. ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಕೈ ಸ್ವಲ್ಪ ಓರೆಯಾದರೂ ಮರದಲ್ಲಿ ಅರ್ಧಚಂದ್ರದ ಗುಳಿ. ಬೆಲ್ಟ್ ಸ್ಯಾಂಡರ್ ಅಗಲವಾದ ಹಲಗೆಗೆ ಸರಿ, ಬಾಗಿಲಿಗೆ ತೀರಾ ಭಾರ.

ನನ್ನ ಆಯ್ಕೆ 125 ಮಿ.ಮೀ.ನ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್. ಇದರ ತಟ್ಟೆ ತಾನೂ ತಿರುಗುತ್ತದೆ, ಜೊತೆಗೆ ಸಣ್ಣ ವೃತ್ತದಲ್ಲಿ ಅಲುಗುತ್ತದೆ. ಹಾಗಾಗಿ ಗೀರು ಒಂದೇ ಜಾಡಿನಲ್ಲಿ ಬೀಳುವುದಿಲ್ಲ. ಕೊಳ್ಳುವಾಗ ವೇಗ ಬದಲಿಸುವ ಗುಂಡಿ ಇದೆಯೇ ನೋಡಿ. ವೇಗ ಹೆಚ್ಚಿದರೆ ಶಾಖಕ್ಕೆ ಎನಾಮಲ್ ಮೆತ್ತಗಾಗಿ ಪೇಪರಿಗೆ ಅಂಟಿಕೊಳ್ಳುತ್ತದೆ, ಐದು ನಿಮಿಷಕ್ಕೊಂದು ಪೇಪರ್ ಹಾಳು. ಒತ್ತಲೂ ಬಾರದು, ಮಷೀನಿನ ತೂಕವೇ ಸಾಕು. 60 ನಂಬರಿನಿಂದ ಶುರು ಮಾಡಿ 80, 120ಕ್ಕೆ ಬನ್ನಿ. ಮೂಲೆಗೆ ತ್ರಿಕೋನದ ಡೆಲ್ಟಾ ಸ್ಯಾಂಡರ್. ಕೆತ್ತನೆಗೆ ಯಾವ ಮಷೀನೂ ಬೇಡ. ಪೇಂಟ್ ರಿಮೂವರ್, ಬ್ರಷ್ಷು, ತಾಳ್ಮೆ ಸಾಕು.

ಇಷ್ಟಾದರೂ ಮಾವನಿಗೆ 'ಇವತ್ತೇ ತನ್ನಿ' ಎನ್ನಲಿಲ್ಲ. ಹಳೇ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅಜ್ಜಿ ಮನೆಯ ಬಾಗಿಲಿನ ಕೋಟುಗಳೆಲ್ಲ ಅದಕ್ಕೂ ಹಿಂದಿನವು. ಸ್ಯಾಂಡರ್ ಅದನ್ನು ಕಣ್ಣಿಗೆ ಕಾಣದ ಪುಡಿ ಮಾಡಿ ತೊಟ್ಟಿಯ ತುಂಬ ಹರಡುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಗರ್ಭದಲ್ಲಿರುವ ಕೂಸಿಗೂ ತಾಯಿಯ ರಕ್ತದಿಂದ ಹೋಗುತ್ತದೆ. ನಮ್ಮಕ್ಕ ಹೆರಿಗೆಗೆ ಬರುವುದು ಅದೇ ಮನೆಗೆ. ಮಷೀನಿನ ಹಿಂದಿನ ಪುಟ್ಟ ಬಟ್ಟೆ ಚೀಲ ಈ ಪುಡಿಯನ್ನು ತಡೆಯುವುದಿಲ್ಲ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಅದನ್ನೇ ಮತ್ತೆ ಗಾಳಿಗೆ ಬಿಡುತ್ತದೆ. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬೇಕು, ಅದಕ್ಕೆ ಸ್ಯಾಂಡರ್‌ಗಿಂತ ಹೆಚ್ಚು ದುಡ್ಡು.

ಹಾಗಾಗಿ ನಾನು ಹೇಳಿದ ಕ್ರಮವೇ ಬೇರೆ. ಬಣ್ಣವನ್ನು ಮೊದಲು ರಿಮೂವರ್ ಹಚ್ಚಿ, ಹಸಿಯಾಗಿದ್ದಾಗಲೇ ಪಟ್ಟಿಯಿಂದ ಕೆರೆದು, ಪ್ಲಾಸ್ಟಿಕ್ ಹಾಳೆಯ ಮೇಲೆ ಬೀಳಿಸಿ ಸುತ್ತಿಡುವುದು. ಬಿಚ್ಚಬಹುದಾದ ಬಾಗಿಲನ್ನು ಹಿತ್ತಲಿಗೆ ಒಯ್ಯುವುದು. ಸ್ಯಾಂಡರ್ ಬರುವುದು ಬರಿ ಮರ ಕಂಡ ಮೇಲೆ. ಮೂಗಿಗೆ ಟವೆಲ್ ಸಾಲದು, ಕನಿಷ್ಠ ಎನ್95, ಪಿ100 ಆದರೆ ಇನ್ನೂ ಒಳ್ಳೆಯದು. ಕೆಲಸ ಮುಗಿಯುವವರೆಗೆ, ನೆಲ ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸುವವರೆಗೆ, ಅಕ್ಕ ಆ ಮನೆ ಕಡೆ ಬರಬಾರದು.

ಬಣ್ಣವೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ತೇಗದ ಅರಮನೆಗೆ ಬಣ್ಣವೇ ಜೀವ. ನಿಮ್ಮ ಮನೆಯ ಕಂಬದ ಮೇಲೂ ಎನಾಮಲ್‌ನಡಿ ಹಳೇ ಚಿತ್ತಾರ ಇರಬಹುದು. ಮೊದಲು ಅಂಗೈ ಅಗಲ ಮಾತ್ರ ಕೆರೆದು ನೋಡಿ.

ಕೊನೆಗೆ ಅಗಸೆ ಎಣ್ಣೆ ಹಚ್ಚುವವರಿಗೊಂದು ಮಾತು: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ತಾನೇ ಕಾದು ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗಿನ ತಂತಿಗೆ ಹಾಕಿ.