ಸ್ಪ್ಯಾನರ್ ಯಾರ ಕೈಯಲ್ಲಿದೆ?

ವಡೋದರಾ ಪಕ್ಕದ ಕೊಯಾಲಿ ಎಂದರೆ ಮೊದಲು ನೆನಪಾಗುವುದು 1965ರಲ್ಲಿ ಶುರುವಾದ ತೈಲ ಶುದ್ಧೀಕರಣಾಗಾರ. ತೈಲ ಇದ್ದಲ್ಲಿ ಟ್ಯಾಂಕರ್, ಟ್ಯಾಂಕರ್ ಇದ್ದಲ್ಲಿ ಗ್ಯಾರೇಜು. ಗ್ಯಾರೇಜಿಗೆ ಸೇರುವ ಹುಡುಗರಲ್ಲಿ ಎರಡು ಬಗೆ. ಶಾಲೆ ಬಿಟ್ಟು ನೇರ ಉಸ್ತಾದನ ಕೈಕೆಳಗೆ ಬಂದವರು ಕೆಲವರು, ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ಕೋರ್ಸ್ ಮುಗಿಸಿದವರು ಇನ್ನು ಕೆಲವರು. ಪ್ರಮಾಣಪತ್ರ ಇದ್ದವನೂ ಎಷ್ಟೋ ಕಡೆ ಗಾಡಿ ತೊಳೆಯುವುದರಿಂದಲೇ ಶುರುಮಾಡಬೇಕು. ಓದಿದ್ದಾನೆ, ಆದರೆ ಕೈ ಪಳಗಿಲ್ಲ ಎಂಬುದು ಮಾಲೀಕರ ದೂರು. ನಮ್ಮ ಹುಬ್ಬಳ್ಳಿ, ಕಲಬುರಗಿಯಲ್ಲೂ ಇದೇ ಮಾತು ಕೇಳಿದ್ದೇನೆ.

ಕೈ ಏಕೆ ಪಳಗುವುದಿಲ್ಲ? ಉತ್ತರ ಸಾಮಾನ್ಯ ಗಣಿತದಲ್ಲಿದೆ. ಒಂದು ಬ್ಯಾಚಿನಲ್ಲಿ 24 ಮಕ್ಕಳು, ಒಂದು ಎಂಜಿನ್, ಮೂರು ಗಂಟೆಯ ಪ್ರಾಯೋಗಿಕ ತರಗತಿ ಎಂದುಕೊಳ್ಳಿ. ಒಬ್ಬೊಬ್ಬರಿಗೆ ಸಿಗುವುದು ಏಳೂವರೆ ನಿಮಿಷ. ವಾಸ್ತವದಲ್ಲಿ ಮುಂದೆ ನಿಂತ ನಾಲ್ಕು ಮಂದಿ ಸ್ಪ್ಯಾನರ್ ಹಿಡಿಯುತ್ತಾರೆ, ಉಳಿದ 20 ಮಂದಿ ಅವರ ಬೆನ್ನು ನೋಡುತ್ತಾರೆ. ಸಾಫ್ಟ್‌ವೇರ್ ಕೆಲಸದವನಾದ ನನಗೆ ಇದು ಯಂತ್ರದ ಕೊರತೆಗಿಂತ ಹೆಚ್ಚಾಗಿ ಸರದಿಯ ಸಮಸ್ಯೆಯಾಗಿ ಕಾಣುತ್ತದೆ.

ಅದೇ 24 ಮಕ್ಕಳನ್ನು ನಾಲ್ಕು ನಾಲ್ಕರಂತೆ ಆರು ತಂಡ ಮಾಡಿ. ಆರು ಮೇಜು: ಎಂಜಿನ್, ಬ್ರೇಕ್, ಕ್ಲಚ್ ಮತ್ತು ಗೇರ್, ಸ್ಟೀರಿಂಗ್ ಮತ್ತು ಚಕ್ರ, ವೈರಿಂಗ್, ಸ್ಕ್ಯಾನರ್. ಪ್ರತಿ ಮೇಜಿನಲ್ಲಿ ಒಬ್ಬ ಬಿಚ್ಚುತ್ತಾನೆ, ಒಬ್ಬ ಮ್ಯಾನ್ಯುಯಲ್ ಓದಿ ಹೇಳುತ್ತಾನೆ, ಒಬ್ಬ ಉಪಕರಣ ಕೊಡುತ್ತಾನೆ, ಒಬ್ಬ ಅಳತೆ ಬರೆಯುತ್ತಾನೆ. 45 ನಿಮಿಷಕ್ಕೊಮ್ಮೆ ಪಾತ್ರ ಬದಲು. ಈಗ ಪ್ರತಿಯೊಬ್ಬರಿಗೂ 45 ನಿಮಿಷ ಸ್ಪ್ಯಾನರ್ ಸಿಕ್ಕಿತು. ಆರು ತರಗತಿಯಲ್ಲಿ ಎಲ್ಲರೂ ಎಲ್ಲ ಮೇಜು ಸುತ್ತುತ್ತಾರೆ. ಸ್ಕ್ಯಾನರ್ ಒಂದನ್ನು ಬಿಟ್ಟರೆ ಹೆಚ್ಚಿನವಕ್ಕೆ ಗುಜರಿಯಿಂದ ತಂದ ಭಾಗಗಳೇ ಸಾಕು. ಸ್ಕ್ಯಾನರ್ ಮಾತ್ರ ಬೇಕೇ ಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ದೋಷವನ್ನು ಕಿವಿಗೊಟ್ಟು ಹಿಡಿಯುವ ಕಾಲ ಮುಗಿಯುತ್ತಾ ಬಂದಿದೆ.

ಆರು ಮೇಜಿಗೆ ಶಿಕ್ಷಕರು ಒಬ್ಬರೇ ಇದ್ದರೆ? ಅವರು ಎಲ್ಲೆಡೆ ನಿಲ್ಲಬೇಕಿಲ್ಲ, ನಿಲ್ಲಲೇಬೇಕಾದ ಜಾಗ ಗೊತ್ತಿದ್ದರೆ ಸಾಕು. ಗಾಡಿ ಜ್ಯಾಕ್ ಮೇಲೇರಿದಾಗ ಕೆಳಗೆ ಸ್ಟ್ಯಾಂಡ್ ಇದೆಯೇ, ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆದರೇ, ಚಕ್ರದ ನಟ್ಟನ್ನು ಟಾರ್ಕ್ ವ್ರೆಂಚ್‌ನಲ್ಲಿ ಬಿಗಿದರೇ. ಇಂಥ ಘಟ್ಟಗಳಲ್ಲಿ ಶಿಕ್ಷಕರ ಸಹಿ ಬೀಳದೆ ಕೆಲಸ ಮುಂದೆ ಹೋಗಬಾರದು. ಹೊರಗಿನ ಗಾಡಿ ತೆಗೆದುಕೊಳ್ಳುವುದೂ ಹಂತ ಹಂತವಾಗಿ: ಮೊದಲು ಗುಜರಿ ಎಂಜಿನ್, ಆಮೇಲೆ ಸಂಸ್ಥೆಯ ವಾಹನ, ಕೊನೆಗೆ ಸಿಬ್ಬಂದಿಯ ಬೈಕು.

ಇದಕ್ಕೆಲ್ಲ ಆಧಾರ ಒಂದು ಜಾಬ್ ಕಾರ್ಡ್. ದೂರು ಏನು, ಬಿಚ್ಚಿದಾಗ ಕಂಡದ್ದೇನು, ಅಳತೆ ಎಷ್ಟಿತ್ತು, ಸರಿಪಡಿಸಿದ ಮೇಲೆ ಎಷ್ಟಾಯಿತು, ಮಾಡಿದವರು ಯಾರು. ಲೆಕ್ಕ ಇಡಬೇಕಾದ್ದು ಎಷ್ಟು ಗಾಡಿ ಬಂತು ಎಂದಲ್ಲ. ಒಬ್ಬನೇ 40 ಸಲ ಆಯಿಲ್ ಬದಲಿಸಿದರೆ ಅದು ದುಡಿಮೆ, ಕಲಿಕೆಯಲ್ಲ. ಯಾವ ಹುಡುಗ ಇನ್ನೂ ಬ್ರೇಕ್ ಬಿಚ್ಚಿಲ್ಲ ಎಂದು ಕಾರ್ಡ್ ಹೇಳಬೇಕು. ಮುಂದಿನ ವಾರದ ಸರದಿ ಅವನದು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಗೋಡೆಯ ಮೇಲೊಂದು ಪಟ್ಟಿ ಸಾಕು.

ಆ ಕಾರ್ಡ್ ಮಕ್ಕಳ ಭಾಷೆಯಲ್ಲೇ ಇರಲಿ. ಸಯಾಜಿರಾವ್ ಗಾಯಕ್‌ವಾಡರು 1890ರಲ್ಲಿ ವಡೋದರಾದಲ್ಲಿ ಕಲಾಭವನ ತೆರೆದಾಗ, ಅದನ್ನು ಕಟ್ಟಿದ ಟಿ.ಕೆ. ಗಜ್ಜರ್ ಕೈಗಾರಿಕಾ ಶಿಕ್ಷಣ ಗುಜರಾತಿಯಲ್ಲೇ ಸಿಗಬೇಕೆಂದು ದುಡಿದರು. ಕ್ಲಚ್ ಎಂಬ ಪದ ಹಾಗೇ ಇರಲಿ, ಅದು ಏಕೆ ಸವೆಯಿತು ಎಂಬುದನ್ನು ಹುಡುಗ ಕನ್ನಡದಲ್ಲಿ ಬರೆಯಲಿ. ಬರೆಯಬಲ್ಲವನಿಗೆ ಅರ್ಥವಾಗಿದೆ ಎಂದು ತಿಳಿಯಬಹುದು.

ನಮ್ಮಲ್ಲಿ ಒಳ್ಳೆಯ ಮಾದರಿ ಇಲ್ಲದಿಲ್ಲ. ಬಿಡದಿಯಲ್ಲಿ ಟೊಯೊಟಾ 2007ರಿಂದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ವಸತಿ ತರಬೇತಿ ಕೊಡುತ್ತಿದೆ. ಸರ್ಕಾರಿ ಐಟಿಐಗಳಿಗೂ ಯಂತ್ರ ಬಂದಿವೆ. ಸುಮಾರು 4,700 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೇರಿಸಿದ ಕರ್ನಾಟಕದ 150 ಐಟಿಐಗಳು 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡವು. ಇನ್ನು ಉಳಿದಿರುವುದು ಆ ಯಂತ್ರಗಳು ಪ್ರತಿ ಮಗುವಿನ ಕೈಗೆ ಸಿಗುವಂತೆ ನೋಡಿಕೊಳ್ಳುವ ಕೆಲಸ.

ಹೊರರಾಜ್ಯದಲ್ಲಿರುವ ನಮ್ಮಲ್ಲಿ ಅನೇಕರು ದಿನವಿಡೀ ಮಾಡುವುದು ಇದನ್ನೇ: ಸರದಿ, ವೇಳಾಪಟ್ಟಿ, ದಾಖಲೆ. ದೀಪಾವಳಿಗೆ ಊರಿಗೆ ಹೋದಾಗ, ಐಟಿಐ ತೆರೆದಿರುವ ದಿನ ಒಂದು ಗಂಟೆ ಅಲ್ಲಿಗೆ ಹೋಗಿ ಬನ್ನಿ. ಎಷ್ಟು ಯಂತ್ರ ಇವೆ ಎಂದು ಕೇಳಬೇಡಿ. ಕೊನೆಯ ಬೆಂಚಿನ ಹುಡುಗ ಈ ತಿಂಗಳು ಎಷ್ಟು ಸಲ ಸ್ಪ್ಯಾನರ್ ಹಿಡಿದ ಎಂದು ಕೇಳಿ. ಉತ್ತರ ಸಿಗದಿದ್ದರೆ, ಆ ಗೋಡೆಯ ಪಟ್ಟಿಯನ್ನು ಶಿಕ್ಷಕರ ಜೊತೆ ಕೂತು ಬರೆದುಕೊಟ್ಟು ಬನ್ನಿ.