ಚಂದ್ರವಳ್ಳಿ ತೋಟದ ಮೂರು ಸಾಲು

ಚಿತ್ರದುರ್ಗಕ್ಕೆ ಬರುವ ಶಾಲಾ ಪ್ರವಾಸದ ಬಸ್ಸುಗಳದ್ದೆಲ್ಲ ಒಂದೇ ಪಾಠ. ಬೆಳಿಗ್ಗೆ ಕೋಟೆ, ಓಬವ್ವನ ಕಿಂಡಿಯ ಮುಂದೆ ಗ್ರೂಪ್ ಫೋಟೊ, ಮಧ್ಯಾಹ್ನ ಚಂದ್ರವಳ್ಳಿ ತೋಟದ ನೆರಳಲ್ಲಿ ಊಟ. ಕೈ ತೊಳೆದರೆ ಬಸ್ಸು ಹೊರಟಿತು. ಕದಂಬರ ಮೂಲಪುರುಷ ಮಯೂರಶರ್ಮನ ಶಾಸನ ಅಲ್ಲೇ ಭೈರವೇಶ್ವರ ಗುಡಿಯ ಬಳಿ ಇದೆಯೆಂದು ಯಾರೂ ಹೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ಹೊಸದುರ್ಗ ಕಡೆಯ ಶಾಲೆಯೊಂದರ ಮಕ್ಕಳ ಜೊತೆ ಆ ಶಾಸನದ ಬಂಡೆಯ ಮುಂದೆ ನಿಂತಿದ್ದೆ. ಮೊದಲಿಗೆ ಅವರಿಗೆ ಏನೂ ಕಾಣಲಿಲ್ಲ. ಮೇಡಂ ಚೀಲದಿಂದ ಪುಟ್ಟ ಕನ್ನಡಿ ತೆಗೆದು ಬಿಸಿಲನ್ನು ಓರೆಯಾಗಿ ಬಂಡೆಯ ಮೇಲೆ ಬಿಟ್ಟರು. ಗೀರುಗಳೆಲ್ಲ ಅಕ್ಷರಗಳಾದವು! ‘ಪ್ಲಸ್ ಮಾರ್ಕ್ ಇದೆ ಮಿಸ್’ ಎಂದು ಹುಡುಗಿಯೊಬ್ಬಳು ಕೂಗಿದಳು. ಬ್ರಾಹ್ಮಿಯ ‘ಕ’ ಅದು, ಕದಂಬರ ‘ಕ’.

ಪ್ರಾಕೃತದಲ್ಲಿರುವ ಮೂರೇ ಸಾಲು, ನಾಲ್ಕನೇ ಶತಮಾನದ್ದು. ಮಯೂರಶರ್ಮ ಸೋಲಿಸಿದ ಅರಸರ ಪಟ್ಟಿಯನ್ನು ಹೇಗೆ ಓದಬೇಕೆಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಆ ಪಟ್ಟಿ ನನಗೆ ಅಷ್ಟು ಮುಖ್ಯವಲ್ಲ. ರಾಜಕುಮಾರ್ ಅವರ ‘ಮಯೂರ’ ಸಿನಿಮಾದಲ್ಲಿ ಕತ್ತಿ ಹಿಡಿದು ನಿಂತ ಅರಸ ಇಲ್ಲಿ ಹೇಳುತ್ತಿರುವುದು ತಾನೊಂದು ಕೆರೆ ಕಟ್ಟಿಸಿದೆ ಎಂದು. ಮಳೆಗೆ ಬಾಯಿಬಿಡುವ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಯಾವುದು? ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆ ದಿನ ಅಪ್ಪನ ಹೆಗಲೇರಿ ನೀರು ನೋಡಿದ ಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಕೋಟೆಯಲ್ಲೂ ನೀರು ಹಿಡಿದಿಡುವ ಅದೇ ಜಾಣತನ: ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮಕ್ಕಳನ್ನು ಹೊಂಡದಿಂದ ಹೊಂಡಕ್ಕೆ ನಡೆಸಿದರೆ ಸಾಕು, ವಿಜ್ಞಾನವೂ ಚರಿತ್ರೆಯೂ ಒಟ್ಟಿಗೆ ತಲೆಗೆ ಹತ್ತುತ್ತವೆ.

ತೋಟದ ಮಣ್ಣೂ ಪಾಠ ಹೇಳುತ್ತದೆ. ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿ ಅಗೆದರು. ರೋಮ್‌ನ ಬೆಳ್ಳಿ ನಾಣ್ಯ, ಶಾತವಾಹನರ ಕಾಲದ ಸೀಸದ ನಾಣ್ಯ ಸಿಕ್ಕವು. ಪುಸ್ತಕಗಳು ನಾಣ್ಯಗಳನ್ನೇ ಕೊಂಡಾಡುತ್ತವೆ. ನನ್ನ ಒಲವು ಮಡಕೆಯ ಚೂರಿನ ಕಡೆಗೆ. ಒಳಗೆ ಮತ್ತು ಬಾಯಂಚಿನಲ್ಲಿ ಕಪ್ಪು, ಹೊರಗೆ ಕೆಳಭಾಗ ಕೆಂಪು. ಎರಡು ಸಲ ಬಣ್ಣ ಬಳಿದಿದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಯಿತು, ಗಾಳಿ ತಗುಲಿದ್ದು ಕೆಂಪಾಯಿತು. ‘ಹಾಗಾದರೆ ನೇರ ಇಟ್ಟು ಸುಟ್ಟರೆ?’ ಎಂದು ಒಬ್ಬ ಕೇಳಿದ. ಆ ಪ್ರಶ್ನೆ ತರಗತಿಯ ನಾಲ್ಕು ಗೋಡೆಯೊಳಗೆ ಹುಟ್ಟುತ್ತಿರಲಿಲ್ಲ.

ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಓರೆ ಬಿಸಿಲಿರುವಾಗಲೇ ಚಂದ್ರವಳ್ಳಿಗೆ ಬನ್ನಿ, ಆಮೇಲೆ ರಂಗಯ್ಯನ ಬಾಗಿಲ ಬಳಿಯ ಮ್ಯೂಸಿಯಂ, ಕೋಟೆ ಕೊನೆಗಿರಲಿ. ಅಕ್ಷರ ಕಾಣಲೆಂದು ಬಂಡೆಗೆ ಸೀಮೆಸುಣ್ಣ ತಿಕ್ಕುವುದು ಬೇಡ. ಚೂರು ಸಿಕ್ಕರೆ ನೋಡಿ, ಬರೆದುಕೊಳ್ಳಿ, ಅಲ್ಲೇ ಬಿಡಿ.