ಕಂಪನಿ ಆಸ್ಪತ್ರೆ ಇಲ್ಲದ ಊರಿನಲ್ಲಿ ಆರೋಗ್ಯ ವಿಮೆ

ಕೋಲಾರ ಚಿನ್ನದ ಗಣಿ ಪ್ರದೇಶದ ಹಿರಿಯರ ಮಾತಿನಲ್ಲಿ 'ಕಂಪನಿ ಆಸ್ಪತ್ರೆ' ಎಂಬ ಹೆಸರು ಇಂದಿಗೂ ಸುಳಿಯುತ್ತದೆ. ಗಣಿಯಲ್ಲಿ ದುಡಿಯುವವನಿಗೆ ಕಾಯಿಲೆ ಬಂದರೆ ಎಲ್ಲಿಗೆ ಹೋಗಬೇಕೆಂಬ ಚಿಂತೆ ಅಂದು ಇರಲಿಲ್ಲ. ಮಡದಿಯ ಹೆರಿಗೆ, ಮಕ್ಕಳ ಜ್ವರ, ಸುರಂಗದಲ್ಲಿ ಆದ ಗಾಯ ಎಲ್ಲಕ್ಕೂ ಆ ಆಸ್ಪತ್ರೆಯೇ ಆಸರೆಯಾಗಿತ್ತು. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಇಲ್ಲಿ ಕಾಲಿಟ್ಟಿತು. 1956ರಲ್ಲಿ ಗಣಿಗಳು ಸರ್ಕಾರದ ಕೈಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. ಒಡೆಯರು ಬದಲಾದರೂ ಕೆಲಸದೊಡನೆ ಚಿಕಿತ್ಸೆಯೂ ಸಿಗುತ್ತದೆಂಬ ನಂಬಿಕೆ ಉಳಿದಿತ್ತು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಂಬಳದೊಡನೆ ಚಿಕಿತ್ಸೆಯ ಆಧಾರವೂ ಹೋಯಿತು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ, ಎರಡು ದಶಕ ಪಾಳುಬಿದ್ದಿದ್ದ ಆ ಆಸ್ಪತ್ರೆಯ ಕಟ್ಟಡವನ್ನು ಸ್ವಯಂಸೇವಕರು ಗುಡಿಸಿ ತೊಳೆದು ಆರೈಕೆಗೆ ಸಜ್ಜುಗೊಳಿಸಿದ್ದನ್ನು ನಾವು ಮರೆಯುವಂತಿಲ್ಲ. ಕಳೆದುಕೊಂಡದ್ದು ಎಂಥದೆಂಬುದು ಅಂದು ಮತ್ತೊಮ್ಮೆ ಮನವರಿಕೆಯಾಯಿತು.

ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಲವರದು ಗುತ್ತಿಗೆ ಕೆಲಸ, ಕೆಲವರದು ದಿನಗೂಲಿ, ಇನ್ನು ಕೆಲವರದು ಸ್ವಂತ ಅಂಗಡಿ. ಕಾಯಿಲೆ ಬಂದಾಗ ಇವರ ಬೆನ್ನಿಗೆ ಯಾವ ಕಂಪನಿಯೂ ಇಲ್ಲ. ಹಾಗಾದರೆ ಒಂಟಿ ವ್ಯಕ್ತಿ, ವಿಧವೆ, ನಿವೃತ್ತ ದಂಪತಿ ತಮ್ಮ ಕೈಗೆಟಕುವ ವೆಚ್ಚದಲ್ಲಿ ಆರೋಗ್ಯ ರಕ್ಷಣೆಯನ್ನು ಪಡೆಯುವುದು ಹೇಗೆ?

ಹಣ ಕೊಟ್ಟು ಪಾಲಿಸಿ ಕೊಳ್ಳುವ ಮೊದಲು, ತಮಗೆ ಈಗಾಗಲೇ ಇರುವ ಹಕ್ಕು ಯಾವುದೆಂದು ಪರಿಶೀಲಿಸುವುದು ವಿವೇಕ. 2018ರಲ್ಲಿ ಜಾರಿಗೆ ಬಂದ 'ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ' ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು ಮಾತ್ರ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ ಸಿಗುತ್ತದೆ. ಉಳಿದುದನ್ನು ರೋಗಿಯೇ ಭರಿಸಬೇಕು. ಇಲ್ಲಿ ಒಂದು ನಿಯಮವನ್ನು ನೆನಪಿಡಬೇಕು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಪತ್ರ ಪಡೆದ ನಂತರವೇ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯನ್ನು ಸೇರಬೇಕು. 70 ವರ್ಷ ದಾಟಿದವರಿಗೆ ಆದಾಯದ ಮಿತಿಯಿಲ್ಲದೆ 5 ಲಕ್ಷ ರೂಪಾಯಿ ರಕ್ಷಣೆ ನೀಡುವ ವಿಸ್ತರಣೆಯನ್ನು ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಅದು ತಮಗೆ ಅನ್ವಯಿಸುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಹಿರಿಯರು ವಿಚಾರಿಸಿಕೊಳ್ಳಬೇಕು.

ಎರಡನೆಯದು ಇಎಸ್‌ಐ. ಇದರ ವೇತನ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಗುತ್ತಿಗೆ ಕೆಲಸಗಾರರು ತಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣುತ್ತಿದೆಯೇ ಎಂದು ನೋಡಬೇಕು. ಕಂಡರೆ ಮನೆಯವರ ಹೆಸರೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ ಕೇವಲ 120 ರೂಪಾಯಿ ಕಟ್ಟಿ ತಮಗೂ ತಮ್ಮ ಪತಿ ಅಥವಾ ಪತ್ನಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ಬಹುಮಂದಿ ಅರಿಯದೆ ಕೈಬಿಡುವ ಸೌಲಭ್ಯವಿದು.

ಮೂರನೆಯದು ಯಶಸ್ವಿನಿ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತುಹೋಗಿದ್ದ ಈ ಯೋಜನೆ 2022-23ರಲ್ಲಿ ಮರುಜೀವ ಪಡೆಯಿತು. ಸಹಕಾರ ಸಂಘದ ಸದಸ್ಯರಿಗೆ ಇದು ಮೀಸಲು. ಮರು ಆರಂಭದ ವೇಳೆ ನಾಲ್ವರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ, ನಗರದ ಕುಟುಂಬಕ್ಕೆ 1,000 ರೂಪಾಯಿ ವಾರ್ಷಿಕ ವಂತಿಗೆಯನ್ನು ಗೊತ್ತುಪಡಿಸಲಾಗಿತ್ತು. ನೋಂದಣಿಯು ನಿಗದಿತ ಅವಧಿಯಲ್ಲಿ ಮಾತ್ರ ನಡೆಯುವುದರಿಂದ ಸಂಘದ ಕಾರ್ಯದರ್ಶಿಯವರನ್ನು ಮುಂಚಿತವಾಗಿಯೇ ಕಾಣುವುದು ಒಳಿತು.

ಈ ಮೂರರಲ್ಲಿ ಯಾವುದೂ ಪೂರ್ಣವಾಗಿ ಒದಗದವರು, ವಿಶೇಷವಾಗಿ ಎಪಿಎಲ್ ಚೀಟಿಯ ಮಧ್ಯಮ ವರ್ಗದವರು, ಸ್ವಂತ ಪಾಲಿಸಿಯನ್ನು ಕೊಳ್ಳಬೇಕಾಗುತ್ತದೆ. ಹತ್ತಾರು ಕಂಪನಿಗಳ ಜಾಹೀರಾತುಗಳ ನಡುವೆ ಗೊಂದಲಕ್ಕೊಳಗಾಗುವವರಿಗೆಂದೇ ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲ್‌ನಿಂದ 'ಆರೋಗ್ಯ ಸಂಜೀವಿನಿ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೊಳಿಸಿತು. ಷರತ್ತುಗಳು ಎಲ್ಲ ಕಂಪನಿಗಳಲ್ಲಿಯೂ ಒಂದೇ; ಕಂತು ಮಾತ್ರ ಬೇರೆ ಬೇರೆ. ಹೀಗಾಗಿ ಎರಡು ಮೂರು ಕಂಪನಿಗಳ ದರವನ್ನು ಹೋಲಿಸಿ ನೋಡುವುದು ಸುಲಭ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನೂ ತೆಗೆದುಹಾಕಲಾಗಿದೆ.

ಆದರೆ ಷರತ್ತುಗಳನ್ನು ಓದದೆ ಸಹಿ ಹಾಕಬಾರದು. ಈ ಪಾಲಿಸಿಯಲ್ಲಿ ಮಂಜೂರಾದ ಮೊತ್ತದ ಶೇ. 5ನ್ನು ರೋಗಿಯೇ ಕೊಡಬೇಕು. 1 ಲಕ್ಷ ರೂಪಾಯಿಗೆ 5,000 ರೂಪಾಯಿ ಎಂದಾಯಿತು. ಕೊಠಡಿಯ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 2ನ್ನು ಮೀರುವಂತಿಲ್ಲ, ಅದಕ್ಕೂ 5,000 ರೂಪಾಯಿಯ ಮಿತಿಯಿದೆ. 2 ಲಕ್ಷದ ಪಾಲಿಸಿಯುಳ್ಳವರಿಗೆ ದೊರೆಯುವುದು 4,000 ರೂಪಾಯಿಯ ಕೊಠಡಿ. ಅದನ್ನು ಮರೆತು 6,000 ರೂಪಾಯಿಯ ಕೊಠಡಿ ಹಿಡಿದರೆ, ವೈದ್ಯರ ಶುಲ್ಕವೇ ಮೊದಲಾದ ವೆಚ್ಚಗಳಲ್ಲಿಯೂ ಅದೇ ಅನುಪಾತದಲ್ಲಿ ಕಡಿತವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಸತ್ಯ ಹೇಳುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಳೆಯ ಶಸ್ತ್ರಚಿಕಿತ್ಸೆ ಯಾವುದನ್ನೂ ಅರ್ಜಿಯಲ್ಲಿ ಮರೆಮಾಚಬಾರದು. ನಮ್ಮ ಊರಿಗೆ ಇದು ಇನ್ನಷ್ಟು ಪ್ರಸ್ತುತ. ಗಣಿಯ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದ ಬಗ್ಗೆ ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳು 1940ರ ದಶಕದಲ್ಲಿ ಇಲ್ಲಿನ ಕಾರ್ಮಿಕರನ್ನೇ ಕುರಿತವು. ಹಿಂದಿನಿಂದ ಇರುವ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು. ಹೇಳಿದರೆ ಕಂತು ಹೆಚ್ಚಬಹುದು, ಕಾಯಬೇಕಾಗಬಹುದು, ಕೆಲವೊಮ್ಮೆ ಪಾಲಿಸಿಯೇ ಸಿಗದಿರಲೂಬಹುದು. ಮುಚ್ಚಿಟ್ಟರೆ ವರ್ಷಗಟ್ಟಲೆ ಕಂತು ಕಟ್ಟಿದ ಮೇಲೂ ಆಸ್ಪತ್ರೆಯ ಹಾಸಿಗೆಯಲ್ಲಿರುವಾಗ ಹಣ ನಿರಾಕರಣೆಯಾಗುವ ಅಪಾಯವಿದೆ. ಆದುದರಿಂದ ಆರೋಗ್ಯವಾಗಿರುವಾಗಲೇ, ಸಣ್ಣ ಮೊತ್ತಕ್ಕಾದರೂ ಪಾಲಿಸಿ ಮಾಡಿಸಿ, ತಪ್ಪದೆ ನವೀಕರಿಸುವುದು ಲೇಸು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆಂಬ ವಯೋಮಿತಿಯ ಕಟ್ಟುಪಾಡನ್ನೂ 2024ರಲ್ಲಿ ಸಡಿಲಿಸಲಾಗಿದೆ.

ಪಾಲಿಸಿ ಕೈಸೇರಿದ ಮೇಲೆ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಬಹುದು. ಅನ್ಯಾಯವಾಗಿ ಹಣ ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ನೀಡಿ, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ರ ಮೊರೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದಾಗ ಕಾಣಿಕೆ ಎತ್ತುವುದು ವಾಡಿಕೆ. ಅದು ಪ್ರೀತಿಯ ಕಾರ್ಯ, ನಿಲ್ಲಬಾರದು. ಆದರೆ ಶಸ್ತ್ರಚಿಕಿತ್ಸೆಯ ವೆಚ್ಚ ಲಕ್ಷಗಳಲ್ಲಿರುವಾಗ ಕಾಣಿಕೆಯ ಹಣ ಎಷ್ಟಕ್ಕೆ ಸಾಕಾದೀತು? ಬರಹ ಬಲ್ಲ ನಮ್ಮ ಯುವಕ ಯುವತಿಯರು ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ಕುಳಿತು ಹಿರಿಯರ, ವಿಧವೆಯರ ಅರ್ಜಿ ತುಂಬಿಕೊಟ್ಟರೆ, ಆ ಒಂದು ಗಂಟೆ ಮುಂದೆ ಒಂದು ಕುಟುಂಬವನ್ನು ಸಾಲದಿಂದ ಉಳಿಸೀತು.

ಅಂದು ಕಂಪನಿ ನೋಡಿಕೊಳ್ಳುತ್ತಿದ್ದುದನ್ನು ಇಂದು ನಾವೇ ನೋಡಿಕೊಳ್ಳಬೇಕಾಗಿದೆ. ಈ ಭಾನುವಾರ ಮನೆಗೆ ಮರಳಿದೊಡನೆ ಪಡಿತರ ಚೀಟಿ, ಆಧಾರ್, ಸಂಬಳದ ಚೀಟಿ, ಹಳೆಯ ವೈದ್ಯಕೀಯ ದಾಖಲೆಗಳನ್ನು ಒಂದೇ ಕಡತದಲ್ಲಿ ಜೋಡಿಸಿಡಿ. ಮುಂದಿನ ಹೆಜ್ಜೆಗೆ ದಾರಿ ಅಲ್ಲಿಂದಲೇ ತೆರೆಯುತ್ತದೆ.